ಹಾಯಿದೋಣಿಯಲ್ಲಿ ಹವಾಮಾನದ ನಕ್ಷೆ: ರೇಡಿಯೊ ಮತ್ತು ಲ್ಯಾಪ್‌ಟಾಪಿನಲ್ಲಿ ಫ್ಯಾಕ್ಸ್ ಹಿಡಿಯುವ ಬಗೆ

(ಮಂಗಳೂರಿನಲ್ಲಿ ಹವ್ಯಾಸಿ ರೇಡಿಯೊ ಆಸಕ್ತರ ಮುಂದೆ ಮಾಡಿದ ಉಪನ್ಯಾಸವನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದದ್ದು.)

ಮಾತಿಗೆ ಮೊದಲು ಸಭೆಯಲ್ಲಿ ನಾನು ಕೇಳಿಸಿದ್ದು ಒಂದು ನಿಮಿಷದ ಧ್ವನಿಮುದ್ರಣ. ಅದರಲ್ಲಿ ಮೊದಲ ಐದು ಸೆಕೆಂಡು ಗೊಗ್ಗರು ದನಿಯ ಗುರುಗುಟ್ಟುವಿಕೆ ಇದೆ. ಬಳಿಕ ಅರ್ಧ ನಿಮಿಷದಷ್ಟು ಹೊತ್ತು ಸೆಕೆಂಡಿಗೆ ಎರಡರಂತೆ ಟಿಕ್ ಟಿಕ್ ಎನ್ನುವ ಬಡಿತ. ಆಮೇಲೆ ತೆಂಗಿನಕಾಯಿ ತುರಿಯುವಾಗ ಬರುವಂಥ ಕರ್ರ್ ಕರ್ರ್ ಸದ್ದು, ಅದೂ ಸೆಕೆಂಡಿಗೆ ಎರಡೇ ಬಾರಿ, ಒಂದಿಷ್ಟೂ ಲಯ ತಪ್ಪದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಇಬ್ಬರು ಕಿವಿ ಮುಚ್ಚಿಕೊಂಡರು. ಅವರ ತಪ್ಪೇನೂ ಇಲ್ಲ. ಆದರೆ ದಡದಿಂದ ಸಾವಿರ ಮೈಲು ದೂರದಲ್ಲಿ, ಮೂವತ್ತೆಂಟು ಅಡಿಯ ದೋಣಿಯಲ್ಲಿ, ಈ ಕರ್ಕಶ ಸದ್ದನ್ನು ಹತ್ತು ನಿಮಿಷ ತಾಳಿಕೊಂಡರೆ ಉತ್ತರ ಅಟ್ಲಾಂಟಿಕ್ ಸಾಗರದ ಗಾಳಿ, ಒತ್ತಡ, ಬಿರುಗಾಳಿಯ ಎಚ್ಚರಿಕೆ ಎಲ್ಲವೂ ಒಂದೇ ಹಾಳೆಯ ಮೇಲೆ ಮೂಡಿ ಬರುತ್ತವೆ. ಅದಕ್ಕೆ ಚಂದಾ ಇಲ್ಲ, ಸಿಮ್ ಇಲ್ಲ, ಪಾಸ್‌ವರ್ಡ್ ಇಲ್ಲ.

ನಾನು ಗಂಗೊಳ್ಳಿ ಕಡೆಯವನು. ವೃತ್ತಿಯಲ್ಲಿ ಸರಕು ಹಡಗುಗಳ ವಿದ್ಯುತ್ ಮತ್ತು ಇಲೆಕ್ಟ್ರಾನಿಕ್ಸ್ ವಿಭಾಗದ ಅಧಿಕಾರಿ. ಹಡಗಿನಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಯಂತ್ರವೇ ಇರುತ್ತದೆ. ಮೊದಲೇ ಹೊಂದಿಸಿಟ್ಟ ಸಮಯಕ್ಕೆ ಅದು ತಾನಾಗಿ ಎಚ್ಚೆತ್ತು, ಶಾಖಕ್ಕೆ ಕಪ್ಪಾಗುವ ಕಾಗದದ ಸುರುಳಿಯ ಮೇಲೆ ನಕ್ಷೆಯನ್ನು ಬಿಡಿಸಿ ಮುಗಿಸುತ್ತದೆ; ನಾವು ಕಾಗದ ಹರಿದು ನಕ್ಷೆಯ ಮೇಜಿನ ಮೇಲೆ ಕ್ಲಿಪ್ ಹಾಕಿಟ್ಟರೆ ಮುಗಿಯಿತು. ಹೀಗೆ ಹದಿನೈದು ವರ್ಷ ಅದನ್ನು ನೋಡಿಯೂ ಅದರೊಳಗೆ ಏನು ನಡೆಯುತ್ತದೆ ಎಂದು ಯೋಚಿಸಿದವನಲ್ಲ. ಅಮೆರಿಕದಲ್ಲಿ ನೆಲೆಸಿರುವ ಊರಿನ ಹಿರಿಯರೊಬ್ಬರು ನಿವೃತ್ತಿಯ ನಂತರ ಹಾಯಿದೋಣಿ ಕೊಂಡು, ನ್ಯೂಪೋರ್ಟ್‌ನಿಂದ ಬರ್ಮುಡಾಕ್ಕೆ, ಅಲ್ಲಿಂದ ಅಝೋರ್ಸ್ ದ್ವೀಪಗಳ ಹೊರ್ಟಾ ಬಂದರಿಗೆ ಹೋಗುವಾಗ ನನ್ನನ್ನು ಜತೆಗೆ ಕರೆದರು. ಬರ್ಮುಡಾದಿಂದ ಹೊರ್ಟಾಕ್ಕೆ ಸುಮಾರು 1,800 ನಾವಿಕ ಮೈಲು. ಗಂಟೆಗೆ ಐದು ಮೈಲಿನ ಲೆಕ್ಕದಲ್ಲಿ ಹದಿನೈದು ದಿನ. ಅವರ ದೋಣಿಯಲ್ಲಿ ಉಪಗ್ರಹ ಇಂಟರ್‌ನೆಟ್ ಇರಲಿಲ್ಲ. ಹಳೆಯ ಹ್ಯಾಮ್ ರೇಡಿಯೊ ಒಂದಿತ್ತು, ಬ್ಯಾಟರಿ ಸೋತುಹೋದ ಲ್ಯಾಪ್‌ಟಾಪ್ ಒಂದಿತ್ತು. ಇವೆರಡರಿಂದ ನಕ್ಷೆ ತೆಗೆಯುವುದು ನನ್ನ ಪಾಲಿನ ಕೆಲಸವಾಯಿತು.

ಹಡಗಿಗೆ ರೇಡಿಯೊ ಮೂಲಕ ಹವಾಮಾನದ ನಕ್ಷೆ ಕಳುಹಿಸುವುದು ಹೊಸ ವಿಚಾರವಲ್ಲ. ಚಾರ್ಲ್ಸ್ ಫ್ರಾನ್ಸಿಸ್ ಜೆಂಕಿನ್ಸ್ ಎಂಬ ಅಮೆರಿಕದ ಸಂಶೋಧಕ 1926ರಲ್ಲೇ ಅದನ್ನು ಪ್ರಯೋಗ ಮಾಡಿ ತೋರಿಸಿದ್ದ. ಆಗಿನಿಂದ ಈಗಿನವರೆಗೆ ಯಂತ್ರಗಳು ಬದಲಾಗಿವೆ, ಮೂಲ ಉಪಾಯ ಹಾಗೆಯೇ ಇದೆ. ಚಿತ್ರವನ್ನು ತೀರ ಸಣ್ಣ ಅಡ್ಡಗೆರೆಗಳಾಗಿ ಸೀಳಿ, ಎಡದಿಂದ ಬಲಕ್ಕೆ ಒಂದೊಂದಾಗಿ ಓದುತ್ತ ಹೋಗುವುದು. ಕಪ್ಪು ಬಂದಾಗ ಒಂದು ಸ್ವರ, ಬಿಳಿ ಬಂದಾಗ ಇನ್ನೊಂದು ಸ್ವರ ಕಳುಹಿಸುವುದು. ನಮ್ಮ ರೇಡಿಯೊದ ಸ್ಪೀಕರಿನಲ್ಲಿ ಕಪ್ಪಿನ ಸ್ವರ 1500 ಹರ್ಟ್ಸ್, ಬಿಳಿಯದ್ದು 2300 ಹರ್ಟ್ಸ್. ಸಾಗರ ಪ್ರಸಾರಗಳಲ್ಲಿ ನಿಮಿಷಕ್ಕೆ 120 ಗೆರೆಗಳು ರೂಢಿ. ಸೆಕೆಂಡಿಗೆ ಎರಡರ ಆ ತುರಿಮಣೆಯ ಲಯ ಅಲ್ಲಿಂದ ಬಂದದ್ದು. ಪ್ರತಿ ಗೆರೆಯಲ್ಲೂ ಹೆಚ್ಚುಕಡಿಮೆ 1,800 ಚುಕ್ಕೆಗಳು. ಮೊದಲಿನ ಗುರುಗುಟ್ಟುವಿಕೆ ‘ಚಿತ್ರ ಬರುತ್ತಿದೆ’ ಎಂಬ ಕರೆ. ಟಿಕ್ ಟಿಕ್ ಇರುವುದು ಗೆರೆ ಎಲ್ಲಿ ಶುರುವಾಗುತ್ತದೆಂದು ತಿಳಿಸುವುದಕ್ಕೆ. ಕೊನೆಯಲ್ಲಿ ಮತ್ತೆ ಐದು ಸೆಕೆಂಡಿನ ಬೇರೆ ದನಿ ಬಂದರೆ ಚಿತ್ರ ಮುಗಿಯಿತೆಂದು ಅರ್ಥ. ಲ್ಯಾಪ್‌ಟಾಪಿನ ಫ್ಯಾಕ್ಸ್ ತಂತ್ರಾಂಶಗಳು, ಎಫ್ಎಲ್‌ಡಿಜಿ ಆಗಲಿ ಜೆವಿಕಾಮ್ ಆಗಲಿ, ಈ ಮೂರು ಗುರುತುಗಳನ್ನು ಹಿಡಿದೇ ತಾವಾಗಿ ಶುರುವಾಗಿ ತಾವಾಗಿ ನಿಲ್ಲುತ್ತವೆ.

ಈ ಹಳೆಯ ಪದ್ಧತಿಯಲ್ಲಿ ಒಂದು ದೊಡ್ಡ ಗುಣವಿದೆ. ಡಿಜಿಟಲ್ ಕಡತದಲ್ಲಿ ನಡುವೆ ನಾಲ್ಕು ತುಂಡು ಕಳೆದುಹೋದರೆ ಕೆಲವೊಮ್ಮೆ ಇಡೀ ಕಡತವೇ ತೆರೆಯುವುದಿಲ್ಲ. ಇಲ್ಲಿ ಸಿಡಿಲು ಮಿಂಚಿದರೆ ಒಂದೆರಡು ಗೆರೆ ಕೆಡುತ್ತವೆ, ಅಷ್ಟೇ. ಮೇಲಿನ ಗೆರೆಯನ್ನೂ ಕೆಳಗಿನ ಗೆರೆಯನ್ನೂ ನೋಡಿ ನಡುವಿನದನ್ನು ಕಣ್ಣೇ ತುಂಬಿಸಿಕೊಳ್ಳುತ್ತದೆ. ಅರ್ಧಕ್ಕರ್ಧ ಕೆಟ್ಟ ನಕ್ಷೆಯಿಂದಲೂ ನಾವು ಕೆಲಸ ಸಾಗಿಸಿದ್ದುಂಟು.

ಶ್ರುತಿ ಮಾಡುವಾಗ ಹೊಸಬರು ತಪ್ಪುವ ಜಾಗ ಒಂದೇ. ಪ್ರಸಾರದ ವೇಳಾಪಟ್ಟಿಯಲ್ಲಿ ಅಮೆರಿಕದ ಬಾಸ್ಟನ್ ನಿಲಯಕ್ಕೆ 9110 ಕಿಲೋಹರ್ಟ್ಸ್ ಎಂದು ಬರೆದಿರುತ್ತದೆ. ರೇಡಿಯೊವನ್ನು 9110ಕ್ಕೇ ಇಟ್ಟರೆ ಸದ್ದು ಕೇಳುತ್ತದೆ, ಚಿತ್ರ ಬರುವುದಿಲ್ಲ. ಕೊಟ್ಟಿರುವ ಸಂಖ್ಯೆ ಕಪ್ಪು ಬಿಳುಪುಗಳ ನಟ್ಟನಡುವಿನದು. ಆ ನಡು ನಮಗೆ 1900 ಹರ್ಟ್ಸ್ ಸ್ವರವಾಗಿ ಕೇಳಬೇಕಾದರೆ ಡಯಲನ್ನು 1.9 ಕಿಲೋಹರ್ಟ್ಸ್ ಕೆಳಗೆ, ಅಂದರೆ 9108.1ಕ್ಕೆ ಇಟ್ಟು ‘ಯುಎಸ್‌ಬಿ’ ಆರಿಸಿಕೊಳ್ಳಬೇಕು. ಈ ಯುಎಸ್‌ಬಿ ಎಂದರೆ ರೇಡಿಯೊದ ಅಪ್ಪರ್ ಸೈಡ್‌ಬ್ಯಾಂಡ್, ಡಯಲಿನ ಆವರ್ತನಕ್ಕಿಂತ ಮೇಲಿನ ಪಟ್ಟಿಯನ್ನಷ್ಟೇ ಕೇಳಿಸುವ ಬಗೆ. ನಾನು ಬರೆದಿಟ್ಟ ಸೂಚನೆಯಲ್ಲಿ ‘ಯುಎಸ್‌ಬಿಗೆ ಹಾಕಿ’ ಎಂದು ಓದಿದ ದೋಣಿಯ ಮೂರನೆಯ ಸದಸ್ಯ, ಲ್ಯಾಪ್‌ಟಾಪಿನ ತೂತಿಗೆ ಹಾಕಬೇಕಾದ ವೈರು ಯಾವುದೆಂದು ಇಪ್ಪತ್ತು ನಿಮಿಷ ಹುಡುಕಿದ್ದ. ಅಂದಿನಿಂದ ‘ಮೇಲುಪಟ್ಟಿ’ ಎಂದೇ ಬರೆಯುತ್ತೇನೆ.

ಇನ್ನು ಗದ್ದಲದ ವಿಚಾರಕ್ಕೆ ಬರೋಣ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ದೋಣಿಯಲ್ಲಿ ಫ್ಯಾಕ್ಸ್ ಬರುವುದಿಲ್ಲ ಎಂದು ಕೈಬಿಟ್ಟವರಲ್ಲಿ ಹೆಚ್ಚಿನವರು ಸೋತಿರುವುದು ಇಲ್ಲಿಯೇ ಎಂಬುದು ನನ್ನ ಅಂದಾಜು.

ಬಂದರು ಬಿಟ್ಟ ಮೊದಲ ಸಂಜೆ ನಾನು ಹಿಡಿದ ನಕ್ಷೆ ಪೂರ್ತಿ ಬೂದು ಬಣ್ಣದ್ದಾಗಿತ್ತು; ಅದರ ಮೇಲೆ ಓರೆಯಾಗಿ ಕಪ್ಪು ಪಟ್ಟಿಗಳು. ಯಜಮಾನರು ಹೆಗಲ ಮೇಲಿಂದ ಬಗ್ಗಿ ನೋಡಿ, “ಇದು ಸಮುದ್ರದ ನಕ್ಷೆಯೋ, ಕರಿ ಕಂಬಳಿಯೋ ಮಾರಾಯ?” ಎಂದರು. ನಿಲಯ ದುರ್ಬಲವಾಗಿದೆ, ನಾಳೆ ಸರಿಹೋಗುತ್ತದೆ ಎಂದು ನಾನು ಜಾರಿಕೊಂಡೆ. ನಾಳೆಯೂ ಅದೇ ಕಂಬಳಿ. ಆಗ ಸಿಗ್ನಲ್ ಮೀಟರಿನ ಮುಳ್ಳು ನಿಲಯವಿಲ್ಲದ ಜಾಗದಲ್ಲೂ ಮೇಲೆಯೇ ನಿಂತಿದ್ದನ್ನು ಗಮನಿಸಿದೆ. ಖಾಲಿ ಜಾಗದಲ್ಲಿ ಮುಳ್ಳು ಎದ್ದಿದೆ ಎಂದರೆ ಸದ್ದು ಮಾಡುತ್ತಿರುವುದು ಬಾಸ್ಟನ್ ಅಲ್ಲ, ನಮ್ಮದೇ ದೋಣಿ.

ಸ್ವಿಚ್ ಫಲಕದ ಮುಂದೆ ಕುಳಿತು ಒಂದೊಂದಾಗಿ ಆರಿಸುತ್ತ ಹೋದೆವು. ಫ್ರಿಜ್ ಆರಿಸಿದಾಗ ಮುಳ್ಳು ಒಂದು ಕೂದಲಿನಷ್ಟು ಇಳಿಯಿತು. ಆಟೊಪೈಲಟ್ ಆರಿಸಬೇಕಾದರೆ ಯಾರಾದರೂ ಚುಕ್ಕಾಣಿ ಹಿಡಿಯಬೇಕು. ಯಜಮಾನರೇ ಮೇಲೆ ಹೋಗಿ ಹಿಡಿದರು. ಅದು ಹೊರಳಿದಾಗಲೆಲ್ಲ ಬರುತ್ತಿದ್ದ ಕಿರಕಿರಿ ನಿಂತಿತು. ಸೋಲಾರ್ ಫಲಕದ ಚಾರ್ಜ್ ಕಂಟ್ರೋಲರ್ ಬಿಡಿಸಿದ ತಕ್ಷಣ ಮುಳ್ಳು ಅರ್ಧಕ್ಕೆ ಬಿತ್ತು. ಕ್ಯಾಬಿನ್ನಿನ ಎಲ್‌ಇಡಿ ದೀಪ ಆರಿಸಿದೆವು, ಇನ್ನಷ್ಟು ಇಳಿಯಿತು. ಆದರೂ ಒಂದು ಸಣ್ಣ, ನಿರಂತರ ಝೇಂಕಾರ ಉಳಿದೇ ಇತ್ತು. ದೋಣಿಯಲ್ಲಿ ಇನ್ನು ಆರಿಸುವುದಕ್ಕೆ ಏನೂ ಇಲ್ಲ ಎಂದುಕೊಂಡಾಗ ಕಣ್ಣಿಗೆ ಬಿದ್ದದ್ದು ಲ್ಯಾಪ್‌ಟಾಪಿಗೇ ಸಿಕ್ಕಿಸಿದ್ದ, ಕಾರಿನಲ್ಲಿ ಬಳಸುವಂಥ ಅಗ್ಗದ ಚಾರ್ಜರ್. ಅದನ್ನು ಎಳೆದೆ. ಸ್ಪೀಕರಿನಲ್ಲಿ ಒಮ್ಮೆಲೇ ಮಳೆ ನಿಂತಂತಾಯಿತು. ನಕ್ಷೆ ಹಿಡಿಯುವ ಯಂತ್ರವೇ ನಕ್ಷೆಯನ್ನು ಕೆಡಿಸುತ್ತಿತ್ತು. ಅವತ್ತಿನಿಂದ ನಕ್ಷೆಯ ಹೊತ್ತಿಗೆ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲೇ ಓಡಬೇಕೆಂದು ನಿಯಮ ಮಾಡಿದೆವು. ಆ ಬ್ಯಾಟರಿ ಬಾಳುತ್ತಿದ್ದುದು ನಲವತ್ತು ನಿಮಿಷ. ಎರಡು ಮೂರು ನಕ್ಷೆಗೆ ಸಾಕು. ಚಾರ್ಜರ್, ಕಂಟ್ರೋಲರ್, ಆಟೊಪೈಲಟ್ ಇವುಗಳ ವೈರುಗಳಿಗೆ ಫೆರೈಟ್ ಉಂಗುರಗಳನ್ನು ಸಿಕ್ಕಿಸಿದರೆ ಗದ್ದಲ ತಗ್ಗುತ್ತದೆ. ನಾವು ಹೊರ್ಟಾದಲ್ಲಿ ಹಾಕಿಸಿದೆವು. ಹೊರಡುವ ಮೊದಲೇ ಹಾಕಬೇಕಾಗಿತ್ತು.

ಆಂಟೆನಾ ಬಗ್ಗೆ ಇದಕ್ಕಿಂತ ಕಡಿಮೆ ಮಾತು ಸಾಕು. ನಮ್ಮ ದೋಣಿಯಲ್ಲಿ ಕೂವೆಮರದ ತುದಿಯಿಂದ ಹಿಂಭಾಗಕ್ಕೆ ಬಿಗಿದ ಉಕ್ಕಿನ ಹಗ್ಗದ ಎರಡೂ ತುದಿಗಳಿಗೆ ಅವಾಹಕ ಹಾಕಿ ಅದನ್ನೇ ಆಂಟೆನಾ ಮಾಡಿದ್ದರು. ಅಷ್ಟು ಅನುಕೂಲ ಇಲ್ಲದವರು ಎಂಟು ಹತ್ತು ಮೀಟರ್ ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಹಾಯಿ ಏರಿಸುವ ಹಗ್ಗಕ್ಕೆ ಕಟ್ಟಿ, ಕೂವೆಗೆ ತಾಗದಂತೆ ಓರೆಯಾಗಿ ಮೇಲೇರಿಸಿದರೆ ಧಾರಾಳವಾಗಿ ಆಯಿತು. 9110 ಕಿಲೋಹರ್ಟ್ಸ್‌ನ ತರಂಗದ ಉದ್ದ ಹತ್ತಿರಹತ್ತಿರ 33 ಮೀಟರ್. ಅದರ ಕಾಲು ಭಾಗ ಎಂಟು ಮೀಟರಿಗೆ ಸ್ವಲ್ಪ ಮೇಲೆ. ಕೇಳುವುದಕ್ಕೆ ಅಷ್ಟು ನಿಖರತೆಯೂ ಬೇಡ. ಫೈಬರ್ ದೋಣಿಯಾದರೆ ಎಸ್‌ಎಸ್‌ಬಿ (ಮೇಲುಪಟ್ಟಿಯಂಥ ಒಂದೇ ಸೈಡ್‌ಬ್ಯಾಂಡ್ ಕೇಳುವ ಸೌಲಭ್ಯ) ಇರುವ ಕೈರೇಡಿಯೊದ ಕೋಲು ಆಂಟೆನಾವೇ ಕೆಲವೊಮ್ಮೆ ಸಾಕಾಗುತ್ತದೆ. ಉಕ್ಕಿನ ಅಥವಾ ಅಲ್ಯೂಮಿನಿಯಂ ದೋಣಿಯ ಒಳಗೆ ಅದರಿಂದ ಪ್ರಯೋಜನವಿಲ್ಲ, ತಂತಿ ಹೊರಗೇ ಇರಬೇಕು.

ರೇಡಿಯೊದಿಂದ ಲ್ಯಾಪ್‌ಟಾಪಿಗೆ ಸದ್ದು ಹೋಗುವ ದಾರಿಯನ್ನೂ ಹೇಳಬೇಕು. ರೇಡಿಯೊದ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ವೈರು ಎಳೆಯುವುದು ಸರಿಯಾದ ಕ್ರಮ. ಈಗಿನ ಲ್ಯಾಪ್‌ಟಾಪುಗಳಲ್ಲಿ ಮೈಕಿಗೂ ಹೆಡ್‌ಫೋನಿಗೂ ಸೇರಿ ಒಂದೇ ತೂತು ಇರುವುದರಿಂದ, ಹೊರಗಿನಿಂದ ಸಿಕ್ಕಿಸುವ ಪುಟ್ಟ ಸೌಂಡ್‌ಕಾರ್ಡ್ ಒಂದು ಬೇಕಾಗುತ್ತದೆ. ನಮ್ಮದು ಎರಡನೆಯ ವಾರದಲ್ಲಿ ಉಪ್ಪುಗಾಳಿಗೆ ಸತ್ತಿತು. ಆಮೇಲೆ ರೇಡಿಯೊದ ಸ್ಪೀಕರಿನ ಎದುರು ಲ್ಯಾಪ್‌ಟಾಪನ್ನು ಇಟ್ಟು, ಅದರದೇ ಮೈಕಿನಿಂದ ಕೇಳಿಸಿದೆವು. ಇದು ನಡೆಯುತ್ತದೆ, ಆದರೆ ದೋಣಿಯ ಒಳಗಿನ ಎಲ್ಲ ಸದ್ದೂ ನಕ್ಷೆಯಲ್ಲಿ ದಾಖಲಾಗುತ್ತದೆ. ನನ್ನ ಬಳಿ ಇನ್ನೂ ಇಟ್ಟುಕೊಂಡಿರುವ ಒಂದು ನಕ್ಷೆಯಲ್ಲಿ ನ್ಯೂಫೌಂಡ್‌ಲೆಂಡ್ ದ್ವೀಪದ ಮೇಲಿಂದ ಪೂರ್ವಕ್ಕೆ ತೆಳ್ಳನೆಯ ಮಸುಕು ಪಟ್ಟಿಯೊಂದು ಹಾಯ್ದುಹೋಗಿದೆ. ಲೆಕ್ಕ ಹಾಕಿದರೆ ಎಂಟು ಗೆರೆ, ಅಂದರೆ ನಾಲ್ಕು ಸೆಕೆಂಡು: ಅನ್ನಕ್ಕಿಟ್ಟ ಕುಕ್ಕರಿನ ಒಂದು ಸೀಟಿ. ಸಭೆಯಲ್ಲಿ ಅದನ್ನು ಪರದೆಯ ಮೇಲೆ ತೋರಿಸಿದಾಗ ಒಬ್ಬರು ಅದನ್ನು ಮಂಜಿನ ಗುರುತು ಎಂದುಕೊಂಡಿದ್ದರು.

ನಕ್ಷೆ ಓರೆಯಾಗಿ ಬರುವುದು ಇನ್ನೊಂದು ಸಾಮಾನ್ಯ ತೊಂದರೆ. ಉದ್ದುದ್ದ ಇರಬೇಕಾದ ಅಂಚು ಹಳೆಯ ಗೋಡೆಯಂತೆ ವಾಲಿರುತ್ತದೆ. ಇದಕ್ಕೆ ಆಕಾಶ ಕಾರಣವಲ್ಲ. ಲ್ಯಾಪ್‌ಟಾಪಿನ ಸೌಂಡ್‌ಕಾರ್ಡಿನೊಳಗಿನ ಗಡಿಯಾರ ಒಂದಿಷ್ಟು ಮುಂದೋ ಹಿಂದೋ ಓಡುತ್ತಿದೆ. ಎಷ್ಟು ಸಣ್ಣ ತಪ್ಪಿಗೆ ಎಷ್ಟು ವಾಲುತ್ತದೆಂದು ನೋಡಿ. ಗಡಿಯಾರದಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ತಪ್ಪಿದ್ದರೆ, ಹತ್ತು ನಿಮಿಷ ಎಂದರೆ 600 ಸೆಕೆಂಡಿಗೆ, 0.06 ಸೆಕೆಂಡಿನ ವ್ಯತ್ಯಾಸ ಕೂಡಿಬರುತ್ತದೆ. ಒಂದು ಗೆರೆಗೆ ಇರುವ ಅವಧಿಯೇ ಅರ್ಧ ಸೆಕೆಂಡು. ಹಾಗಾಗಿ ಕೊನೆಯ ಗೆರೆ ತನ್ನ ಜಾಗದಿಂದ ನಕ್ಷೆಯ ಅಗಲದ ನೂರಕ್ಕೆ ಹನ್ನೆರಡರಷ್ಟು ಸರಿದಿರುತ್ತದೆ. ಎ4 ಹಾಳೆಯಲ್ಲಿ ಎರಡೂವರೆ ಸೆಂಟಿಮೀಟರ್. ತಂತ್ರಾಂಶದಲ್ಲಿ ಓರೆ ತಿದ್ದುವ ಗುಂಡಿ ಇರುತ್ತದೆ, ಒಂದು ಸಲ ಸರಿಮಾಡಿದರೆ ಆ ಸೌಂಡ್‌ಕಾರ್ಡಿಗೆ ಅದೇ ಲೆಕ್ಕ ಮುಂದೆಯೂ ನಡೆಯುತ್ತದೆ. ಎಫ್ಎಲ್‌ಡಿಜಿಯಲ್ಲಿ ಅಮೆರಿಕದ ಡಬ್ಲ್ಯೂಡಬ್ಲ್ಯೂವಿ ಕಾಲ ನಿಲಯದ ಸೆಕೆಂಡಿನ ಬಡಿತವನ್ನು ಕೇಳಿಸಿ ಗಡಿಯಾರದ ತಪ್ಪನ್ನು ಅಳೆಯುವ ಸೌಲಭ್ಯವೂ ಇದೆ. ಸೌಂಡ್‌ಕಾರ್ಡ್ ಬದಲಾದರೆ ಎಲ್ಲವನ್ನೂ ಮತ್ತೆ ಮಾಡಬೇಕು.

ಯಾವ ಹೊತ್ತಿಗೆ ಯಾವ ಆವರ್ತನ ಎಂಬುದು ಶಾರ್ಟ್‌ವೇವ್ ಕೇಳಿದವರಿಗೆ ಹೊಸದಲ್ಲ. ಹಗಲು ಮೇಲಿನದು, ರಾತ್ರಿ ಕೆಳಗಿನದು. ಬಾಸ್ಟನ್ ಪ್ರಸಾರದ ನಾಲ್ಕು ಆವರ್ತನಗಳು 4235, 6340.5, 9110 ಮತ್ತು 12750. ಇವುಗಳಲ್ಲಿ 4235 ರಾತ್ರಿಗೆ, 12750 ಹಗಲಿಗೆ, ನಡುವಿನ ಎರಡು ಎಲ್ಲ ಹೊತ್ತಿಗೆ. ಪ್ರಸಾರ ಮಾಡುವುದು ಅಮೆರಿಕದ ಕರಾವಳಿ ಕಾವಲು ಪಡೆ. ನಕ್ಷೆ ಬರೆಯುವುದು ಮೇರಿಲ್ಯಾಂಡಿನ ಕಾಲೇಜ್ ಪಾರ್ಕಿನಲ್ಲಿರುವ ಸಾಗರ ಮುನ್ಸೂಚನಾ ಕೇಂದ್ರ. ನಿಲಯಕ್ಕೆ ಹತ್ತಿರ ಇದ್ದರೆ ಚೆನ್ನಾಗಿ ಕೇಳುತ್ತದೆ ಎಂಬುದು ಇಲ್ಲಿ ಸುಳ್ಳಾಗುತ್ತದೆ. ಹೊರಟ ಮರುದಿನ 12750 ಸರಿಯಾಗಿ ಕೇಳಲೇ ಇಲ್ಲ, ಸಾವಿರ ಮೈಲು ಆಚೆ ಅದೇ ಎಲ್ಲಕ್ಕಿಂತ ಸ್ಪಷ್ಟವಾಯಿತು. ವಾತಾವರಣದ ಮೇಲ್ಪದರವಾದ ಅಯಾನುಗೋಲಕ್ಕೆ ಬಡಿದು ಬಾಗಿ ಬರುವ ತರಂಗ ಹತ್ತಿರದವರ ತಲೆಯ ಮೇಲಿಂದ ಹಾರಿಹೋಗುತ್ತದೆ. ಮುಸ್ಸಂಜೆಯಲ್ಲಿ ಒಂದೇ ಸಂಕೇತ ಎರಡು ದಾರಿಯಲ್ಲಿ ಬಂದು, ಎರಡರ ನಡುವೆ ಒಂದೆರಡು ಮಿಲಿಸೆಕೆಂಡು ಅಂತರ ಬಿದ್ದರೆ, ಪ್ರತಿ ಮಿಲಿಸೆಕೆಂಡಿಗೆ ಮೂರೂವರೆ ಚುಕ್ಕೆಯ ಲೆಕ್ಕದಲ್ಲಿ ಗೆರೆಗಳು ಜೋಡಿಯಾಗಿ ಕಾಣುತ್ತವೆ. ಆಗ ಅಕ್ಷರ ಓದುವುದು ಕಷ್ಟ. ಸ್ವಲ್ಪ ಹೊತ್ತು ಬಿಟ್ಟು ಮುಂದಿನ ನಕ್ಷೆ ಹಿಡಿಯುವುದೇ ಜಾಣತನ.

ಸಮಯದ ಬಗ್ಗೆ ಒಂದು ಮಾತು. ಫ್ಯಾಕ್ಸ್ ನಮಗಾಗಿ ಕಾಯುವುದಿಲ್ಲ. ವೇಳಾಪಟ್ಟಿಯಲ್ಲಿರುವುದು ಗ್ರೀನಿಚ್ ಸಮಯಕ್ಕೆ ಹೊಂದುವ ಯುಟಿಸಿ. ಪೂರ್ವಕ್ಕೆ ಸಾಗಿದಂತೆ ನಾವು ಗೋಡೆ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡಿದೆವು, ಮಾಡಿದವರು ನನಗೆ ಹೇಳುವುದನ್ನು ಮರೆತರು, ಬೆಳಗಿನ ನಕ್ಷೆ ತಪ್ಪಿತು. ನಂತರ ಒಂದು ಕೈಗಡಿಯಾರವನ್ನು ಯುಟಿಸಿಗೆ ಇಟ್ಟು ರೇಡಿಯೊದ ಹಿಡಿಕೆಗೆ ಕಟ್ಟಿದೆ. ಅದನ್ನು ಮುಟ್ಟಿದವರು ಅವತ್ತಿನ ಪಾತ್ರೆ ತೊಳೆಯಬೇಕು ಎಂದು ನಿಯಮ.

ನಕ್ಷೆ ಹಿಡಿದ ಮೇಲೆ ಓದಬೇಕಲ್ಲ. ಮೇಲ್ಮೈ ವಿಶ್ಲೇಷಣೆಯ ನಕ್ಷೆಯಲ್ಲಿ ಒಂದೇ ಒತ್ತಡದ ಜಾಗಗಳನ್ನು ಜೋಡಿಸುವ ಸಮಭಾರ ರೇಖೆಗಳು ನಾಲ್ಕು ನಾಲ್ಕು ಮಿಲಿಬಾರ್ ಅಂತರದಲ್ಲಿರುತ್ತವೆ. ಅವು ಒತ್ತೊತ್ತಾಗಿ ಇರುವಲ್ಲಿ ಗಾಳಿ ಜೋರು, ಬಿಡಿಬಿಡಿಯಾಗಿ ಇರುವಲ್ಲಿ ಮಂದ. ಗಾಳಿಯ ಬಾಣದ ಬಾಲದಲ್ಲಿ ಅರ್ಧ ಗರಿಗೆ 5 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾವಿಕ ಮೈಲು), ಪೂರ್ತಿ ಗರಿಗೆ 10, ತ್ರಿಕೋನದ ಬಾವುಟಕ್ಕೆ 50. 34 ನಾಟ್‌ನಿಂದ 47ರ ತನಕದ ಗಾಳಿಗೆ ‘ಗೇಲ್’, 48ರಿಂದ 63ಕ್ಕೆ ‘ಸ್ಟಾರ್ಮ್’, ಅದಕ್ಕೂ ಮೇಲೆ ‘ಹರಿಕೇನ್ ಫೋರ್ಸ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಮುಂದಿನ 24 ಗಂಟೆಯಲ್ಲಿ ಒತ್ತಡ ಕನಿಷ್ಠ 24 ಮಿಲಿಬಾರ್ ಕುಸಿಯುವ ನಿರೀಕ್ಷೆ ಇದ್ದರೆ ‘ವೇಗವಾಗಿ ತೀವ್ರಗೊಳ್ಳುತ್ತಿದೆ’ ಎಂಬ ಅರ್ಥದ ತುಂಡಕ್ಷರಗಳು ಪಕ್ಕದಲ್ಲಿರುತ್ತವೆ. ಇಷ್ಟೆಲ್ಲದರ ನಡುವೆ ನಾನು ಮೊದಲು ಹುಡುಕುವುದು ಒಂದು ಸಣ್ಣ ಗುರುತನ್ನು. ವಾಯುಭಾರ ಕುಸಿತದ ಕೇಂದ್ರದಿಂದ ಒಂದು ಬಾಣ ಹೊರಟು ಗುಣಾಕಾರದ ಗುರುತಿನಲ್ಲಿ ಮುಗಿಯುತ್ತದೆ. 24 ಗಂಟೆಯ ನಂತರ ಅದು ಇರುವ ಜಾಗ ಅದು. ಆ ಗುರುತಿನ ಪಕ್ಕದಲ್ಲಿ ಅಡಿಗೆರೆ ಎಳೆದ ಎರಡಂಕಿ ಇರುತ್ತದೆ. 88 ಎಂದಿದ್ದರೆ 988 ಮಿಲಿಬಾರ್. 03 ಎಂದಿದ್ದರೆ 1003.

ಬರ್ಮುಡಾ ಬಿಟ್ಟ ಆರನೆಯ ದಿನ ನಾವು 38ನೆಯ ಅಕ್ಷಾಂಶದ ಹತ್ತಿರ ಪೂರ್ವಕ್ಕೆ ಹೋಗುತ್ತಿದ್ದೆವು. ಆಕಾಶ ತಿಳಿಯಾಗಿತ್ತು, ಬಟ್ಟೆ ಒಣಗಿಸಿದ್ದೆವು. ಬೆಳಗಿನ ನಕ್ಷೆಯಲ್ಲಿ ಅಮೆರಿಕದ ಕರಾವಳಿಯಾಚೆ 1004ರ ಕುಸಿತವೊಂದು, ಬಾಣ ಈಶಾನ್ಯಕ್ಕೆ, ತುದಿಯಲ್ಲಿ ಅಡಿಗೆರೆಯ 88. ಒಂದು ದಿನಕ್ಕೆ 16 ಮಿಲಿಬಾರ್. ತುಂಡಕ್ಷರದ ಎಚ್ಚರಿಕೆ ಬರುವ 24ಕ್ಕೆ ಅದು ಸಾಲದು. ನಮ್ಮಂಥ ಸಣ್ಣ ದೋಣಿಗೆ ಸಾಕು. ಆದರೆ ಒಂದೇ ನಕ್ಷೆಯನ್ನು ನಂಬಿ ದಿಕ್ಕು ಬದಲಿಸುವ ಮನಸ್ಸಿರಲಿಲ್ಲ. ಆರು ಗಂಟೆಯ ನಂತರದ ನಕ್ಷೆಯನ್ನು ಹಿಡಿದು, ಮೊದಲಿನದರ ಮೇಲೆ ಪಾರದರ್ಶಕ ಹಾಳೆಯಿಟ್ಟು ಎರಡರ ಕೇಂದ್ರಗಳನ್ನೂ ಗುರುತು ಹಾಕಿದೆವು. ಕೇಂದ್ರ ಬಾಣ ತೋರಿಸಿದ್ದಕ್ಕಿಂತ ತುಸು ದಕ್ಷಿಣದಲ್ಲಿತ್ತು, ಅಂದರೆ ನಮಗೆ ಇನ್ನೂ ಹತ್ತಿರ. ನಮ್ಮದೇ ವಾಯುಭಾರ ಮಾಪಕ ಆಗಷ್ಟೇ 1021ರಿಂದ 1019ಕ್ಕೆ ಇಳಿದಿತ್ತು. ಮಾಪಕದ ಎರಡು ಅಂಕಿಗೆ ಅರ್ಥ ಕೊಟ್ಟದ್ದು ನಕ್ಷೆ. ನಕ್ಷೆಯನ್ನು ನಂಬುವಂತೆ ಮಾಡಿದ್ದು ಮಾಪಕ.

ಗಂಟೆಗೆ ಐದು ಮೈಲಿನಂತೆ ಒಂದು ದಿನಕ್ಕೆ 120 ಮೈಲು, ಅಂದರೆ ಎರಡು ಅಕ್ಷಾಂಶ. ಯಜಮಾನರು ಆಗ್ನೇಯಕ್ಕೆ ತಿರುಗಿಸಿದರು. ಎರಡು ದಿನದಲ್ಲಿ ಸುಮಾರು ಎರಡೂವರೆ ಅಕ್ಷಾಂಶ ಕೆಳಗಿಳಿದೆವು, ಹೊರ್ಟಾದ ದಾರಿಯೂ ಪೂರ್ತಿ ತಪ್ಪಲಿಲ್ಲ. ಕುಸಿತದ ಬಾಲ ನಮ್ಮ ಮೇಲೂ ಹಾದುಹೋಯಿತು. ಮಾಪಕ 1009ಕ್ಕೆ ಬಂತು, ಹನ್ನೊಂದು ತಾಸು 30 ನಾಟ್ ಆಸುಪಾಸು ಗಾಳಿ, ಒದ್ದೆ ಹಾಸಿಗೆ, ಒಂದು ಹರಿದ ಹಾಯಿ. ಆ ಹೊತ್ತಿನ ನಕ್ಷೆಯಲ್ಲಿ ನಾವು ಬಿಟ್ಟುಬಂದ ದಾರಿಯ ಉತ್ತರಕ್ಕೆ ‘ಗೇಲ್’ ಎಂಬ ಪದ ದಪ್ಪಗೆ ಕುಳಿತಿತ್ತು. ಅದನ್ನು ಯಜಮಾನರು ಮಡಚಿ ದಿನಚರಿಯೊಳಗೆ ಇಟ್ಟುಕೊಂಡರು, ಏನೂ ಮಾತಾಡಲಿಲ್ಲ.

ಅನುಭವ ಇದ್ದವರು 500 ಮಿಲಿಬಾರ್ ಮಟ್ಟದ, ಅಂದರೆ ಸುಮಾರು ಐದೂವರೆ ಕಿಲೋಮೀಟರ್ ಎತ್ತರದ, ನಕ್ಷೆಯನ್ನೂ ನೋಡುತ್ತಾರೆ. ಅದರಲ್ಲಿ ಆ ಒತ್ತಡ 5640 ಮೀಟರ್ ಎತ್ತರದಲ್ಲಿರುವ ಜಾಗಗಳನ್ನು ಜೋಡಿಸುವ ರೇಖೆಯನ್ನು ದಪ್ಪವಾಗಿ ಎಳೆದಿರುತ್ತಾರೆ. ಕುಸಿತಗಳು ಓಡುವ ಹಾದಿಯನ್ನೂ, ಜೋರು ಪಶ್ಚಿಮ ಗಾಳಿಯ ದಕ್ಷಿಣದ ಮೇರೆಯನ್ನೂ ಸ್ಥೂಲವಾಗಿ ತಿಳಿಯುವುದಕ್ಕೆ ಅದು ಸಹಾಯಕ. ಆ ಓದಿಗೆ ಬೇರೆ ಉಪನ್ಯಾಸವೇ ಬೇಕು.

ಈಗ ಉಪಗ್ರಹ ಇಂಟರ್‌ನೆಟ್ ಇರುವಾಗ ಈ ಪಾಡೆಲ್ಲ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಡಿಶ್ ಇದ್ದರೆ ಇದೇ ನಕ್ಷೆಗಳನ್ನು ಜಾಲತಾಣದಿಂದ ಕಲೆಯಿಲ್ಲದೆ ಇಳಿಸಿಕೊಳ್ಳಬಹುದು, ನಾನಾದರೂ ಅದನ್ನೇ ಮಾಡುತ್ತೇನೆ. ಆದರೆ ಡಿಶ್ ಗಂಟೆಗಟ್ಟಲೆ ಹತ್ತಾರು ವ್ಯಾಟ್ ಕುಡಿಯುತ್ತದೆ. ಬ್ಯಾಟರಿ ಸೋತ ದಿನ, ಸಿಡಿಲು ಬಡಿದ ದಿನ, ಪೆನ್‌ಟಾರ್ಚಿನ ಸೆಲ್‌ಗಳಲ್ಲಿ ಓಡುವ ರೇಡಿಯೊ ಉಳಿದಿರುತ್ತದೆ. ಇದಕ್ಕಿಂತಲೂ ನನಗೆ ಮುಖ್ಯವಾಗಿ ಕಾಣುವ ಕಾರಣ ಬೇರೊಂದಿದೆ. ಮೊಬೈಲ್ ಆ್ಯಪ್‌ಗಳಲ್ಲಿ ನಾವು ನೋಡುವ ಬಣ್ಣಬಣ್ಣದ ಗಾಳಿಯ ಬಾಣಗಳು ಹೆಚ್ಚಾಗಿ ಕಂಪ್ಯೂಟರ್ ಮಾದರಿಯೊಂದರ ನೇರ ಫಲಿತಾಂಶ. ಅದನ್ನು ಯಾರೂ ಕಣ್ಣಿಟ್ಟು ತಿದ್ದಿರುವುದಿಲ್ಲ. ಫ್ಯಾಕ್ಸ್ ನಕ್ಷೆಯ ಹಿಂದೆ, ಹಡಗುಗಳ ವರದಿ, ಸಮುದ್ರದಲ್ಲಿ ತೇಲಿಬಿಟ್ಟ ಮಾಪನ ಬುರುಡೆಗಳ ಅಳತೆ, ಉಪಗ್ರಹದ ಚಿತ್ರ, ಹಲವು ಮಾದರಿಗಳು ಇವೆಲ್ಲವನ್ನೂ ಎದುರಿಗಿಟ್ಟುಕೊಂಡು ಕುಸಿತ ಎಲ್ಲಿದೆ, ತಂಪು ಗಾಳಿಯ ಮುಂಚೂಣಿ ಎಲ್ಲಿದೆ ಎಂದು ತೀರ್ಮಾನಿಸಿದ ಮುನ್ಸೂಚಕರೊಬ್ಬರು ಇರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವನಿಗೆ ಎರಡರಿಂದಲೂ ಲಾಭ.

ಈ ಪ್ರಸಾರಗಳು ಎಂದೆಂದಿಗೂ ಇರುತ್ತವೆ ಎಂದು ನಾನು ಹೇಳುವುದಿಲ್ಲ. ಅಮೆರಿಕದ ಕರಾವಳಿ ಕಾವಲು ಪಡೆ 2007ರಲ್ಲೇ, ಉಪಕರಣಗಳಿಗೆ ವಯಸ್ಸಾಗಿದೆ, ಈ ಸೇವೆ ಇನ್ನೂ ಬೇಕೇ ಎಂದು ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಹೊರಡುವ ಮೊದಲು ಅಂದಂದಿನ ವೇಳಾಪಟ್ಟಿಯನ್ನು ನೋಡಿಕೊಳ್ಳಿ. ಜಗತ್ತಿನ ನಿಲಯಗಳೆಲ್ಲದರ ಪಟ್ಟಿಯನ್ನು ಅಮೆರಿಕದ ಹವಾಮಾನ ಸೇವೆಯೇ ಒಂದು ಪುಸ್ತಿಕೆಯಾಗಿ ಉಚಿತವಾಗಿ ಕೊಡುತ್ತದೆ. ಯುರೋಪಿನ ಕಡೆ ಹೋಗುವವರಿಗೆ ಜರ್ಮನಿಯ ಹವಾಮಾನ ಇಲಾಖೆಯ ಪಿನ್ನೆಬರ್ಗ್ ಪ್ರಸಾರ 3855, 7880, 13882.5ರಲ್ಲಿ.

ಮೀನುಗಾರಿಕೆಯ ಹಿನ್ನೆಲೆಯ ಯುವಕರೊಬ್ಬರು, ಮಲ್ಪೆಯ ಬೋಟುಗಳಿಗೆ ಇದು ಉಪಯೋಗವೇ ಎಂದು ಕೇಳಿದರು. ನನ್ನ ಉತ್ತರ ಇಲ್ಲ ಎಂದೇ. ಬಾಸ್ಟನ್ ನಕ್ಷೆಯಲ್ಲಿ ಅರಬ್ಬಿ ಸಮುದ್ರ ಇರುವುದಿಲ್ಲ. 2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡಿನ ಎಷ್ಟೋ ಬೋಟುಗಳು ಆಗಲೇ ಮೊಬೈಲ್ ಸಿಗ್ನಲ್ಲಿನ ಆಚೆ ಇದ್ದವು, ಎಚ್ಚರಿಕೆ ಅವರಿಗೆ ತಲುಪಲಿಲ್ಲ. ಅಂಥವರಿಗಾಗಿಯೇ 2019ರಲ್ಲಿ ಬಂದದ್ದು ‘ಜೆಮಿನಿ’ ಎಂಬ ಸಾಧನ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆಯಾದ ಇನ್‌ಕಾಯಿಸ್‌ನ ಎಚ್ಚರಿಕೆಗಳು ಗಗನ್ ವ್ಯವಸ್ಥೆಯ ಉಪಗ್ರಹದ ಮೂಲಕ ಆ ಪೆಟ್ಟಿಗೆಗೆ, ಅಲ್ಲಿಂದ ಬ್ಲೂಟೂತ್ ಮೂಲಕ ಬೋಟು ನಡೆಸುವ ತಂಡೇಲರ ಮೊಬೈಲಿಗೆ ಬರುತ್ತವೆ. ಅದೂ ಫ್ಯಾಕ್ಸಿನಂತೆ ಏಕಮುಖ: ಕೇಳಿಸಿಕೊಳ್ಳಬಹುದು, ಮರುಮಾತಾಡುವಂತಿಲ್ಲ. ನಮ್ಮ ಬೋಟುಗಳಿಗೆ ಒಗ್ಗುವುದು ಅದು.

ಕಲಿಯುವುದಕ್ಕಾದರೆ ದೋಣಿಯೇ ಬೇಕಿಲ್ಲ. ಜಪಾನ್ ಹವಾಮಾನ ಸಂಸ್ಥೆಯ ಪ್ರಸಾರ 3622.5, 7795 ಮತ್ತು 13988.5ರಲ್ಲಿದೆ, ರಾತ್ರಿ 7795 ನಮ್ಮ ಕರಾವಳಿಯಲ್ಲಿ ಕೆಲವು ದಿನ ಚೆನ್ನಾಗಿಯೇ ಕೇಳುತ್ತದೆ. ಡಯಲ್ 7793.1ಕ್ಕೆ, ಮೇಲುಪಟ್ಟಿ, ತಾರಸಿಯ ಮೇಲೆ ಹತ್ತು ಮೀಟರ್ ತಂತಿ. ಉಪನ್ಯಾಸ ಮುಗಿದ ಮೇಲೆ ನಾಲ್ವರು ಉಳಿದುಕೊಂಡರು. ಸಭಾಂಗಣದ ಕಿಟಕಿಯಿಂದ ಪಕ್ಕದ ತೆಂಗಿನಮರಕ್ಕೆ ತಂತಿ ಕಟ್ಟಿ, ದೀಪಗಳನ್ನು ಆರಿಸಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಕುಳಿತೆವು. ಎಂಟೂಕಾಲಕ್ಕೆ ಕರ್ರ್ ಕರ್ರ್ ಶುರುವಾಯಿತು. ಶುರುವಿನ ಗುರುತು ತಪ್ಪಿಹೋಗಿದ್ದರಿಂದ ನಕ್ಷೆ ನಡುವೆ ಸೀಳಿ, ಜಪಾನಿನ ಅರ್ಧ ಎಡ ಅಂಚಿನಲ್ಲೂ ಅರ್ಧ ಬಲ ಅಂಚಿನಲ್ಲೂ ಮೂಡಿತು. ವಾಚ್‌ಮನ್ ಬಂದು ಬೀಗ ಹಾಕಬೇಕು ಎಂದಾಗ ಇನ್ನೂ ಇನ್ನೂರು ಗೆರೆ ಬಾಕಿ ಇದ್ದವು. ನೂರು ಸೆಕೆಂಡು ನಿಲ್ಲಪ್ಪ ಎಂದೆವು, ನಿಂತ.